ಚೆಂಡು ಹಿಡಿದವನಾ, ದಾರಿ ಬಿಡಿಸಿದವನಾ? ‘ಟೈಟ್ ಎಂಡ್’ ಎಂಬ ಮುಗಿಯದ ಜಗಳ

ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ಆಟವಲ್ಲ, ಕೈಯಲ್ಲಿ ಹಿಡಿದು ಓಡುವ ಆಟ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ನಾನು ಹೇಳ್ತೀನಿ.

ನಾನಿರುವುದು ಕಾನ್ಸಸ್ ಸಿಟಿಯಲ್ಲಿ. ಇಲ್ಲಿನ ‘ಚೀಫ್ಸ್’ ತಂಡದ ಆ್ಯರೋಹೆಡ್ ಕ್ರೀಡಾಂಗಣದಲ್ಲಿ 2014ರಲ್ಲಿ ಅಭಿಮಾನಿಗಳ ಕೂಗು 142.2 ಡೆಸಿಬಲ್ ಮುಟ್ಟಿ ಗಿನ್ನೆಸ್ ದಾಖಲೆಯಾಗಿದೆ. ಅಂಥ ಊರಿನ ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಕೆಲಸದ ಮಾತು ಶುರುವಾಗೋದು ಹತ್ತು ಗಂಟೆ ಮೇಲೇನೇ. ಅದಕ್ಕೂ ಮೊದಲು ಕಾಫಿ ಮಷಿನ್ ಮುಂದೆ ಒಂದು ಜಗಳ ಆಗಲೇಬೇಕು: ಈ ಆಟದ ಇತಿಹಾಸದಲ್ಲೇ ಅತಿ ಶ್ರೇಷ್ಠ ‘ಟೈಟ್ ಎಂಡ್’ ಯಾರು?

ಜಗಳದಲ್ಲಿ ನಾಲ್ಕು ಪಕ್ಷಗಳಿವೆ. ಇದೇ ಊರಲ್ಲಿ ಹುಟ್ಟಿ ಬೆಳೆದ, ಐವತ್ತು ದಾಟಿದ ಹಿರಿಯ ಎಂಜಿನಿಯರ್‌ಗೆ ಟೋನಿ ಗೊನ್ಜಾಲೆಸ್ ಬಿಟ್ಟರೆ ಇನ್ನೊಬ್ಬನಿಲ್ಲ. ಹೋದ ವರ್ಷ ಕೆಲಸಕ್ಕೆ ಸೇರಿದ ಹುಡುಗ ಟ್ರಾವಿಸ್ ಕೆಲ್ಸಿ ಹೆಸರಿನ ಕೆಂಪು ಜರ್ಸಿ ಹಾಕಿಕೊಂಡೇ ಮೀಟಿಂಗಿಗೆ ಬರುತ್ತಾನೆ. ಬಾಸ್ಟನ್ ಕಡೆಯಿಂದ ಬಂದ ಮ್ಯಾನೇಜರ್‌ಗೆ ರಾಬ್ ಗ್ರಾಂಕೌಸ್ಕಿಯೇ ದೇವರು. ಬಾಲ್ಟಿಮೋರಿನಿಂದ ಬಂದ, ಟೆಸ್ಟಿಂಗ್ ವಿಭಾಗದಲ್ಲಿರುವ ಒಬ್ಬ ಹಿರಿಯ ಮಹಿಳೆ ಮಾತ್ರ ಎಲ್ಲರ ಮಾತು ಮುಗಿದ ಮೇಲೆ ತಣ್ಣಗೆ ಒಂದೇ ಹೆಸರು ಹೇಳುತ್ತಾರೆ: “ಜಾನ್ ಮ್ಯಾಕಿ.” ಆಗ ಮಿಕ್ಕ ಮೂವರೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ನಮ್ಮ ಕಡೆ ಗವಾಸ್ಕರ್ರಾ, ಸಚಿನ್ನಾ, ಕೊಹ್ಲಿನಾ ಅಂತ ಜಗಳ ಆಡಲ್ವಾ, ಇದೂ ಹಾಗೇ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ಬೇರೆ. ಅಲ್ಲಿ ಮೂವರೂ ಮಾಡುವ ಕೆಲಸ ಒಂದೇ, ರನ್ ಹೊಡೆಯೋದು. ಇಲ್ಲಿ ಟೈಟ್ ಎಂಡ್‌ನ ಕೆಲಸ ಏನು ಅನ್ನೋದರಲ್ಲೇ ಒಮ್ಮತವಿಲ್ಲ. ಅವನ ಅರ್ಧ ಕೆಲಸಕ್ಕೆ ಅಂಕಿ ಇದೆ, ಇನ್ನರ್ಧಕ್ಕೆ ಇಲ್ಲ.

ಎರಡು ಉದ್ಯೋಗ, ಒಂದು ಜರ್ಸಿ

ಆಟದ ರೂಪ ಹೀಗೆ: ಮೈದಾನದ ಉದ್ದ 100 ಗಜ, ತಂಡಕ್ಕೆ ಹನ್ನೊಂದು ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಪ್ರಯತ್ನ; ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಹೀಗೇ ಸಾಗಿ ಎದುರಾಳಿಯ ತುದಿ ಮುಟ್ಟಿದರೆ ಟಚ್‌ಡೌನ್, ಆರು ಅಂಕ. ಚೆಂಡನ್ನು ಎಸೆಯುವ ನಾಯಕ ಕ್ವಾರ್ಟರ್‌ಬ್ಯಾಕ್.

ಅವನ ಮುಂದೆ ಐದು ಜನ ದಢೂತಿ ಆಳುಗಳು ಗೋಡೆಯಂತೆ ನಿಲ್ಲುತ್ತಾರೆ. ನುಗ್ಗಿ ಬರುವವರನ್ನು ತಡೆಯೋದು, ತಳ್ಳಿ ದಾರಿ ಬಿಡಿಸೋದು ಇವರ ಕೆಲಸ. ಇದಕ್ಕೆ ‘ಬ್ಲಾಕಿಂಗ್’ ಅಂತಾರೆ. ಮಾಮೂಲಿಯಾಗಿ ಇವರು ಎಸೆದ ಚೆಂಡನ್ನು ಹಿಡಿಯುವಂತಿಲ್ಲ. ಇನ್ನು ಮೈದಾನದ ಅಂಚಿನಲ್ಲಿ, ದೂರದಲ್ಲಿ ತೆಳ್ಳಗೆ ಚುರುಕಾಗಿರುವವರು ‘ವೈಡ್ ರಿಸೀವರ್’ಗಳು. ಓಡೋದು, ಹಿಡಿಯೋದು ಅವರ ಕೆಲಸ.

ಟೈಟ್ ಎಂಡ್ ಈ ಎರಡರ ನಡುವಿನವನು. ಗೋಡೆಯ ತುದಿಯಲ್ಲಿ, ಪಕ್ಕದವನಿಗೆ ಅಂಟಿಕೊಂಡಂತೆ ನಿಲ್ಲುತ್ತಾನೆ, ಅದಕ್ಕೇ ಆ ಹೆಸರು. ಒಂದು ಸಲ 120 ಕಿಲೋ ತೂಗುವವನನ್ನು ಎದೆಗೆ ಎದೆ ಕೊಟ್ಟು ತಳ್ಳಬೇಕು. ಮುಂದಿನ ಸಲ ಅದೇ ಜಾಗದಿಂದ ಓಡಿ, ಇಬ್ಬರ ನಡುವೆ ಹಾರಿ ಚೆಂಡು ಹಿಡಿಯಬೇಕು. ಎದುರಾಳಿಗೆ ಇದೇ ತಲೆನೋವು. ಅವನನ್ನು ಕಾಯೋಕೆ ದೊಡ್ಡ ಆಳನ್ನು ನಿಲ್ಲಿಸಿದರೆ ಓಟದಲ್ಲಿ ಹಿಂದೆ ಬೀಳುತ್ತಾನೆ. ಚಿಕ್ಕ ಚುರುಕಿನವನನ್ನು ನಿಲ್ಲಿಸಿದರೆ ಈತ ತಳ್ಳಿ ಬೀಳಿಸುತ್ತಾನೆ. ಈಗ ಏನು ಮಾಡ್ತಾನೆ ಅಂತ ಮೊದಲೇ ಗೊತ್ತಾಗಬಾರದು; ಈ ಸ್ಥಾನದ ಬೆಲೆ ಇರೋದೇ ಅಲ್ಲಿ.

ನಮ್ಮ ಕ್ರಿಕೆಟ್‌ನಲ್ಲಿ ಇದಕ್ಕೆ ಹತ್ತಿರದ ಹೋಲಿಕೆ ವಿಕೆಟ್ ಕೀಪರ್. ನಮ್ಮ ಸೈಯದ್ ಕಿರ್ಮಾನಿ 1983ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ವಿರುದ್ಧ ಹೊಡೆದದ್ದು ಅಜೇಯ 24. ಆ 24ರ ಆಸರೆಯಲ್ಲೇ ಕಪಿಲ್ ದೇವ್ ಜೊತೆ ಒಂಬತ್ತನೇ ವಿಕೆಟ್‌ಗೆ ಮುರಿಯದ 126 ರನ್‌ಗಳ ಜೊತೆಯಾಟ ಬಂತು. ಸ್ಕೋರ್‌ಕಾರ್ಡ್ ನೋಡಿದರೆ ಕಪಿಲ್‌ರ 175 ಕಣ್ಣಿಗೆ ಹೊಡೆಯುತ್ತದೆ, 24 ಕಾಣೋದಿಲ್ಲ. ಇನ್ನು ಸ್ಟಂಪ್ ಹಿಂದೆ ಇಡೀ ದಿನ ಕೂತು ಎದ್ದದ್ದಕ್ಕಂತೂ ಅಂಕಿಯೇ ಇಲ್ಲ. ಟೈಟ್ ಎಂಡ್ ಕತೆಯೂ ಅದೇ.

ಶುರು ಮಾಡಿದವರು

1961ರವರೆಗೆ ಟೈಟ್ ಎಂಡ್ ಅಂದರೆ ಬಹುಮಟ್ಟಿಗೆ ಆರನೇ ಗೋಡೆ, ಅಷ್ಟೇ. ಆ ವರ್ಷ ಶಿಕಾಗೊ ಬೇರ್ಸ್ ತಂಡಕ್ಕೆ ಮೈಕ್ ಡಿಟ್ಕಾ ಬಂದರು. ಮೊದಲ ವರ್ಷವೇ 14 ಪಂದ್ಯಗಳಲ್ಲಿ 56 ಕ್ಯಾಚ್, 1,076 ಗಜ, 12 ಟಚ್‌ಡೌನ್. ತಳ್ಳೋಕೆ ಅಂತ ಇಟ್ಟಿದ್ದ ಆಳು ಎದುರಾಳಿಗಳನ್ನು ಮೈಮೇಲೆ ಹೊತ್ತುಕೊಂಡೇ ಓಡತೊಡಗಿದ್ದು ಎಲ್ಲರಿಗೂ ಹೊಸದು. ಮೊದಲ ವರ್ಷದಲ್ಲೇ ಟೈಟ್ ಎಂಡ್ ಒಬ್ಬ ಗಳಿಸಿದ ಅತಿ ಹೆಚ್ಚು ಗಜಗಳ ಆ ದಾಖಲೆ 63 ವರ್ಷ ನಿಂತಿತ್ತು. 2024ರಲ್ಲಿ ಬ್ರಾಕ್ ಬವರ್ಸ್ ಎಂಬ ಹೊಸ ಹುಡುಗ ಅದನ್ನು ಮುರಿದ. ಅಷ್ಟರಲ್ಲಿ ಋತುವೊಂದಕ್ಕೆ 14 ಇದ್ದ ಪಂದ್ಯಗಳು 17 ಆಗಿದ್ದವು. 1988ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಟೈಟ್ ಎಂಡ್ ಕೂಡ ಡಿಟ್ಕಾ ಅವರೇ.

ಡಿಟ್ಕಾ ಬಂದ ಎರಡು ವರ್ಷಕ್ಕೆ, 1963ರಲ್ಲಿ, ಬಾಲ್ಟಿಮೋರ್ ಕೋಲ್ಟ್ಸ್ ತಂಡಕ್ಕೆ ಜಾನ್ ಮ್ಯಾಕಿ ಬಂದರು. ಡಿಟ್ಕಾ ಅವರಲ್ಲಿ ಬಲವಿತ್ತು, ಮ್ಯಾಕಿ ಅವರಲ್ಲಿ ಬಲದ ಜೊತೆ ವೇಗವೂ ಇತ್ತು. 1966ರಲ್ಲಿ ಅವರು ಗಳಿಸಿದ ಒಂಬತ್ತು ಟಚ್‌ಡೌನ್‌ಗಳಲ್ಲಿ ಆರು, 50 ಗಜಕ್ಕಿಂತ ಉದ್ದದ ಓಟಗಳು. 51, 57, 64, 79, 83, 89 ಗಜ. ಅದೂ ಇದೇ ಮನುಷ್ಯ ಸಾಲಿನ ತುದಿಯಲ್ಲಿ ನಿಂತು ದಾರಿಯನ್ನೂ ಬಿಡಿಸುತ್ತಿದ್ದ ಕಾಲದಲ್ಲಿ. ಹತ್ತು ವರ್ಷದಲ್ಲಿ ತಪ್ಪಿಸಿಕೊಂಡದ್ದು ಒಂದೇ ಪಂದ್ಯ. 1971ರ ಜನವರಿಯಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ಬೇರೆಯವರ ಕೈಗೆ ತಾಗಿ ಬಂದ ಚೆಂಡನ್ನು ಹಿಡಿದು 75 ಗಜ ಓಡಿ ಟಚ್‌ಡೌನ್ ಮಾಡಿದರು. ಆ ಫೈನಲ್‌ನಲ್ಲಿ ಕೋಲ್ಟ್ಸ್ ಗೆದ್ದದ್ದು 16-13ರಿಂದ.

ಆದರೂ ಮ್ಯಾಕಿ ಅವರ ಒಟ್ಟು ಲೆಕ್ಕ 331 ಕ್ಯಾಚ್, 38 ಟಚ್‌ಡೌನ್ ಮಾತ್ರ. ಇಂದಿನ ಹುಡುಗರಿಗೆ ಇದನ್ನು ತೋರಿಸಿದರೆ ನಗ್ತಾರೆ. ನಗೋದಕ್ಕೆ ಮುಂಚೆ ಒಂದು ನಿಯಮ ತಿಳಿದುಕೊಳ್ಳಬೇಕು.

1978: ಆಟವೇ ಬದಲಾದ ವರ್ಷ

ಹಿಂದೆ ಚೆಂಡು ಗಾಳಿಗೆ ಬರುವವರೆಗೂ ಓಡುವವನನ್ನು ದಾರಿಯುದ್ದಕ್ಕೂ ಗುದ್ದಬಹುದಿತ್ತು, ತಳ್ಳಬಹುದಿತ್ತು. 1978ರಲ್ಲಿ ನಿಯಮ ಬದಲಾಯಿತು: ಮೊದಲ ಐದು ಗಜ ದಾಟಿದ ಮೇಲೆ ಮುಟ್ಟುವಂತಿಲ್ಲ. ಅದೇ ವರ್ಷ ಋತುವಿನ ಪಂದ್ಯಗಳು 14ರಿಂದ 16ಕ್ಕೆ ಏರಿದವು. ಎಸೆದು ಹಿಡಿಯುವ ಆಟಕ್ಕೆ ಬಾಗಿಲು ತೆರೆಯಿತು.

ಆ ಬಾಗಿಲಿನಿಂದ ಮೊದಲು ಒಳಬಂದವರು ಸ್ಯಾನ್ ಡಿಯೇಗೊ ಚಾರ್ಜರ್ಸ್‌ನ ಕೆಲೆನ್ ವಿನ್ಸ್ಲೋ. ಕೋಚ್ ಡಾನ್ ಕೊರಿಯೆಲ್ ಅವರನ್ನು ಗೋಡೆಯಿಂದ ಬಿಡಿಸಿ ಮೈದಾನದ ಎಲ್ಲ ಕಡೆ ನಿಲ್ಲಿಸಿದರು. 1980ರಲ್ಲಿ 89, 1981ರಲ್ಲಿ 88 ಕ್ಯಾಚ್. ಎರಡೂ ವರ್ಷ ಇಡೀ ಲೀಗಿಗೇ ಮೊದಲು. 1982ರ ಜನವರಿ 2ರಂದು ಮಿಯಾಮಿಯಲ್ಲಿ ನಡೆದ ಪಂದ್ಯವನ್ನು ಹಳಬರು ಈಗಲೂ ಕಣ್ಣರಳಿಸಿ ಹೇಳ್ತಾರೆ. 13 ಕ್ಯಾಚ್, 166 ಗಜ, ಒಂದು ಟಚ್‌ಡೌನ್. ಸಾಲದ್ದಕ್ಕೆ ಎದುರಾಳಿ ಗೆಲುವಿಗೆ ಒದ್ದ ಚೆಂಡನ್ನು ಕೈ ಎತ್ತಿ ತಡೆದದ್ದೂ ವಿನ್ಸ್ಲೋ ಅವರೇ. 41-38ಕ್ಕೆ ಗೆದ್ದ ಮೇಲೆ ನಡೆಯಲು ತ್ರಾಣವಿಲ್ಲದ ಅವರನ್ನು ಇಬ್ಬರು ಹೆಗಲು ಕೊಟ್ಟು ಹೊರಗೆ ಕರೆದುಕೊಂಡು ಹೋದರು.

ಹಾಗಾಗಿ 1978ರ ಆಚೆಯ ಅಂಕಿಗಳನ್ನು ಈಚೆಯವಕ್ಕೆ ನೇರ ಹೋಲಿಸೋದು, ಅಜ್ಜನ ಕಾಲದ ಸಂಬಳವನ್ನು ಮೊಮ್ಮಗನ ಸಂಬಳಕ್ಕೆ ಹೋಲಿಸಿದ ಹಾಗೆ.

ಬಾಸ್ಕೆಟ್‌ಬಾಲ್‌ನಿಂದ ಬಂದವರು

1990ರ ದಶಕದಲ್ಲಿ ಶಾನನ್ ಶಾರ್ಪ್ 10,000 ಗಜ ದಾಟುವ ಮೊದಲ ಟೈಟ್ ಎಂಡ್ ಆಗುವ ದಾರಿಯಲ್ಲಿದ್ದ. 1997ರಲ್ಲಿ ನಮ್ಮೂರಿನ ಚೀಫ್ಸ್‌ಗೆ ಗೊನ್ಜಾಲೆಸ್ ಬಂದ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಜೊತೆ ಬಾಸ್ಕೆಟ್‌ಬಾಲ್ ಕೂಡ ಆಡುತ್ತಿದ್ದವನು. ಬಾಸ್ಕೆಟ್‌ಬಾಲ್‌ನಲ್ಲಿ ಪುಟಿದ ಚೆಂಡಿಗಾಗಿ ಎದುರಾಳಿಯನ್ನು ಬೆನ್ನಿನಿಂದ ಒತ್ತಿ ಹಿಡಿದು ಮೇಲಕ್ಕೆ ಹಾರುತ್ತಾರಲ್ಲ, ಅದನ್ನೇ ಇಲ್ಲಿಗೆ ತಂದ. ಅವನ ಬೆನ್ನ ಹಿಂದೆ ಸಿಕ್ಕಿಕೊಂಡವನಿಗೆ ಚೆಂಡು ಕಾಣುತ್ತಲೇ ಇರಲಿಲ್ಲ.

17 ವರ್ಷ, 270 ಪಂದ್ಯ, ತಪ್ಪಿಸಿಕೊಂಡದ್ದು ಎರಡೇ. 1,325 ಕ್ಯಾಚ್, 15,127 ಗಜ, 111 ಟಚ್‌ಡೌನ್. ಕ್ಯಾಚ್ ಮತ್ತು ಗಜ ಎರಡರಲ್ಲೂ ಟೈಟ್ ಎಂಡ್‌ಗಳ ಪೈಕಿ ಮೊದಲ ಸ್ಥಾನ. ಆದರೆ ಟ್ರೋಫಿ ಇಲ್ಲ. ಇಷ್ಟೂ ವರ್ಷದಲ್ಲಿ ಪ್ಲೇಆಫ್‌ನಲ್ಲಿ ಅವನ ತಂಡ ಗೆದ್ದದ್ದು ಒಂದೇ ಒಂದು ಪಂದ್ಯ, ಅದೂ ಅಟ್ಲಾಂಟಾಗೆ ಹೋದ ಮೇಲೆ. “ಅದು ಅವನ ತಪ್ಪಾ?” ಅಂತ ನಮ್ಮ ಹಿರಿಯ ಎಂಜಿನಿಯರ್ ಪ್ರತಿ ಸಲ ಧ್ವನಿ ಏರಿಸ್ತಾರೆ. ಹನ್ನೊಂದು ಜನರ ಆಟದಲ್ಲಿ ಒಬ್ಬನನ್ನು ಟ್ರೋಫಿ ಎಣಿಸಿ ಅಳೆಯೋದು ನನಗೂ ಸರಿ ಕಾಣೋದಿಲ್ಲ.

ಗೊನ್ಜಾಲೆಸ್ ಹಾಕಿದ ದಾರಿಯಲ್ಲಿ ಬಂದವನು ಆಂಟೋನಿಯೊ ಗೇಟ್ಸ್. ಅವನದ್ದಂತೂ ಸಿನಿಮಾ ಕತೆ. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿಯೇ ಇಲ್ಲ! ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡಿದ್ದೆಲ್ಲ ಬಾಸ್ಕೆಟ್‌ಬಾಲ್. 2003ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಯಾರೂ ಅವನ ಹೆಸರು ಹೇಳಲಿಲ್ಲ. ಸ್ಯಾನ್ ಡಿಯೇಗೊ ತಂಡ ನೋಡೋಣ ಅಂತ ಸೇರಿಸಿಕೊಂಡಿತು. ಅವನು 116 ಟಚ್‌ಡೌನ್ ಮಾಡಿ ನಿವೃತ್ತನಾದ. ಟೈಟ್ ಎಂಡ್‌ಗಳಲ್ಲಿ ಅದೇ ದಾಖಲೆ. 2025ರಲ್ಲಿ ಹಾಲ್ ಆಫ್ ಫೇಮ್‌ಗೂ ಸೇರಿದ.

ಎರಡು 87ಗಳು

ಈಗ ನಿಜವಾದ ಜಗಳ. ಗ್ರಾಂಕೌಸ್ಕಿ ಮತ್ತು ಕೆಲ್ಸಿ, ಇಬ್ಬರ ಜರ್ಸಿ ನಂಬರೂ 87. ಇಬ್ಬರೂ 1989ರಲ್ಲಿ ಹುಟ್ಟಿದವರು.

ಕೆಲ್ಸಿಯ ಶಕ್ತಿ ತಲೆಯಲ್ಲಿದೆ. ಎದುರಾಳಿಗಳು ಎಲ್ಲಿ ಜಾಗ ಬಿಡುತ್ತಾರೆ ಅಂತ ಓಡುತ್ತಾ ಓಡುತ್ತಾ ಲೆಕ್ಕ ಹಾಕಿ, ಅಲ್ಲಿ ಹೋಗಿ ನಿಂತುಬಿಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ಗೆ ಅದು ಹೇಗೋ ಗೊತ್ತಾಗುತ್ತದೆ. 2022ರ ಜನವರಿಯಲ್ಲಿ ಬಫಲೋ ವಿರುದ್ಧದ ಪ್ಲೇಆಫ್ ನೆನಪಿಸಿಕೊಳ್ಳಿ. ಮೂರು ಅಂಕ ಹಿಂದೆ, ಉಳಿದದ್ದು 13 ಸೆಕೆಂಡು. ಎರಡನೇ ಎಸೆತದಲ್ಲಿ ಕೆಲ್ಸಿ 25 ಗಜದ ಕ್ಯಾಚ್ ಹಿಡಿದು ಪಂದ್ಯ ಸಮವಾಗಲು ದಾರಿ ಮಾಡಿದ. ಹೆಚ್ಚುವರಿ ಸಮಯದಲ್ಲಿ ಗೆಲುವಿನ ಟಚ್‌ಡೌನ್ ಹಿಡಿದವನೂ ಅವನೇ. ಈ ಊರು ಅಂದು ರಾತ್ರಿ ಮಲಗಲಿಲ್ಲ.

2016ರಿಂದ 2022ರವರೆಗೆ ಸತತ ಏಳು ವರ್ಷ 1,000 ಗಜ ದಾಟಿದ್ದಾನೆ. ಬೇರೆ ಯಾವ ಟೈಟ್ ಎಂಡ್‌ಗೂ ಅದು ಆಗಿಲ್ಲ. 2020ರಲ್ಲಿ 1,416 ಗಜ. ಮೂರು ಸೂಪರ್ ಬೌಲ್. ಪ್ಲೇಆಫ್ ಕ್ಯಾಚ್‌ಗಳಲ್ಲಿ ಜೆರ್ರಿ ರೈಸ್‌ನಂಥ ಮಹಾನ್ ರಿಸೀವರ್‌ನ 151ನ್ನೂ ಹಿಂದೆ ಹಾಕಿದ್ದಾನೆ. (ಗಾಯಕಿ ಟೇಲರ್ ಸ್ವಿಫ್ಟ್ ದೆಸೆಯಿಂದ ನಮ್ಮ ಅಮ್ಮನಿಗೂ ಗೊತ್ತಿರುವ ಏಕೈಕ ಅಮೆರಿಕನ್ ಆಟಗಾರ ಇವನೇ!)

ಗ್ರಾಂಕೌಸ್ಕಿ ಬೇರೆಯೇ ಪ್ರಾಣಿ. ಆರೂವರೆ ಅಡಿ ಎತ್ತರ, ಸುಮಾರು 120 ಕಿಲೋ. ಅವನು ಓಡಿ ಬರುವಾಗ ಹಿಡಿಯಲು ಬಂದವರು ಸೊಳ್ಳೆಯಂತೆ ಉದುರುತ್ತಿದ್ದರು. 2011ರಲ್ಲಿ ಒಂದೇ ಋತುವಿನಲ್ಲಿ 17 ಟಚ್‌ಡೌನ್ ಕ್ಯಾಚ್, ಟೈಟ್ ಎಂಡ್‌ಗಳ ದಾಖಲೆ. ನಾಲ್ಕು ಸೂಪರ್ ಬೌಲ್.

ಎಂಜಿನಿಯರ್ ಬುದ್ಧಿ ಬಿಡಬೇಕಲ್ಲ, ನಾನೂ ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ಕೆಲ್ಸಿಯ ಲೆಕ್ಕ 2024ರ ಋತುವಿನ ಕೊನೆಯವರೆಗಿನದು.

ಎಷ್ಟು ಕ್ಯಾಚ್‌ಗೆ ಒಂದು ಟಚ್‌ಡೌನ್? ಗ್ರಾಂಕ್ 621 ಕ್ಯಾಚ್‌ಗೆ 92, ಅಂದರೆ ಸುಮಾರು ಏಳಕ್ಕೊಂದು. ಗೇಟ್ಸ್ ಎಂಟಕ್ಕೊಂದು. ಗೊನ್ಜಾಲೆಸ್ ಹನ್ನೆರಡಕ್ಕೊಂದು. ಕೆಲ್ಸಿ 1,004 ಕ್ಯಾಚ್‌ಗೆ 77, ಹದಿಮೂರಕ್ಕೊಂದು.

ಒಂದು ಕ್ಯಾಚ್‌ಗೆ ಎಷ್ಟು ಗಜ? ಗ್ರಾಂಕ್ 15, ಕೆಲ್ಸಿ 12, ಗೊನ್ಜಾಲೆಸ್ 11ಕ್ಕೆ ಸ್ವಲ್ಪ ಮೇಲೆ.

ಪಂದ್ಯವೊಂದಕ್ಕೆ ಎಷ್ಟು ಗಜ? ಇಲ್ಲಿ ಕೆಲ್ಸಿ 69, ಗ್ರಾಂಕ್ 65, ವಿನ್ಸ್ಲೋ 62, ಗೊನ್ಜಾಲೆಸ್ 56.

ತಂಡಕ್ಕೆ ಎಷ್ಟು ಸಲ ಸಿಕ್ಕಿದ? ಗೊನ್ಜಾಲೆಸ್ 272ರಲ್ಲಿ 270. ಗ್ರಾಂಕ್ ಆಡಬಹುದಾಗಿದ್ದ 177ರಲ್ಲಿ 143. ತೋಳು ಮುರಿತ, ಬೆನ್ನಿನ ಶಸ್ತ್ರಚಿಕಿತ್ಸೆ, ಮಂಡಿಯ ಗಾಯ, ಒಂದೆರಡಲ್ಲ.

ನೋಡಿ, ಪ್ರಶ್ನೆ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಯಾವ ಕಾಲಂ ಮೊದಲು ಇಡುತ್ತೀರಿ ಅನ್ನೋದರಲ್ಲೇ ಗೆದ್ದವನು ಯಾರು ಅಂತ ನಿರ್ಧಾರವಾಗಿರುತ್ತದೆ.

ಕಾಲಂ ಇಲ್ಲದ ಕೆಲಸ

ಆ ಸ್ಪ್ರೆಡ್‌ಶೀಟ್‌ನಲ್ಲಿ ಬ್ಲಾಕಿಂಗ್‌ಗೆ ಕಾಲಂ ಇಲ್ಲ. ಲೀಗಿನ ಅಧಿಕೃತ ಅಂಕಿಪಟ್ಟಿಯಲ್ಲೂ ಇಲ್ಲ. ಈಗ ಖಾಸಗಿ ಸಂಸ್ಥೆಗಳು ವಿಡಿಯೊ ನೋಡಿ ಅಂಕ ಕೊಡುತ್ತವೆ. ಡಿಟ್ಕಾ, ಮ್ಯಾಕಿ ಅವರ ಕಾಲದವರಿಗೆ ಅದೂ ಇಲ್ಲ.

ಇದು ಬರೀ ಅಭಿಮಾನಿಗಳ ತಕರಾರಲ್ಲ, ದುಡ್ಡಿನ ವಿಷಯ ಕೂಡ. 2014ರಲ್ಲಿ ನ್ಯೂ ಆರ್ಲಿಯನ್ಸ್ ತಂಡದ ಜಿಮ್ಮಿ ಗ್ರಹಾಂನ ಒಪ್ಪಂದ ಮುಗಿದಿತ್ತು. ಇಲ್ಲೊಂದು ಪದ್ಧತಿ ಇದೆ: ಆ ಸ್ಥಾನದಲ್ಲಿ ಆಡುವವರ ಅತಿ ಹೆಚ್ಚಿನ ಸಂಬಳಗಳ ಆಧಾರದ ಮೇಲೆ ಒಂದು ಮೊತ್ತ ಕೊಟ್ಟು ತಂಡ ಅವನನ್ನು ಇನ್ನೊಂದು ವರ್ಷ ಉಳಿಸಿಕೊಳ್ಳಬಹುದು. ಟೈಟ್ ಎಂಡ್‌ಗೆ ಆ ವರ್ಷ ಸುಮಾರು 70 ಲಕ್ಷ ಡಾಲರ್. ವೈಡ್ ರಿಸೀವರ್‌ಗೆ 1.23 ಕೋಟಿ ಡಾಲರ್! “ಹಿಂದಿನ ವರ್ಷ ಮೂರರಲ್ಲಿ ಎರಡು ಸಲ ನಾನು ಗೋಡೆಯಿಂದ ದೂರ ನಿಂತೇ ಆಡಿದ್ದೇನೆ, ನನಗೆ ರಿಸೀವರ್ ಸಂಬಳ ಕೊಡಿ” ಎಂಬುದು ಗ್ರಹಾಂ ವಾದ. ಪಂಚಾಯಿತಿ ಮಾಡಿದ ಮಧ್ಯಸ್ಥರು, ಗೋಡೆಯ ಕೊನೆಯವನಿಂದ ನಾಲ್ಕು ಗಜದೊಳಗೆ ನಿಂತರೆ ಅವನು ಟೈಟ್ ಎಂಡ್ ಅಂತ ತೀರ್ಪು ಕೊಟ್ಟರು. ನಿಲ್ಲುವ ಜಾಗದ ಕೆಲವು ಗಜಗಳಿಗೆ 50 ಲಕ್ಷ ಡಾಲರ್‌ಗಿಂತ ಹೆಚ್ಚಿನ ವ್ಯತ್ಯಾಸ. ಎರಡು ಕೆಲಸ ಮಾಡುವವನಿಗೆ ಒಂದೇ ಕೆಲಸ ಮಾಡುವವನಿಗಿಂತ ಕಡಿಮೆ ಸಂಬಳ. ಯಾಕೆ? ಎರಡನೇ ಕೆಲಸ ಲೆಕ್ಕಕ್ಕೆ ಸಿಗೋದಿಲ್ಲ.

ಇದನ್ನು ಓದುವಾಗ ನನಗೆ ನೆನಪಾದದ್ದು ಹಿಂದೆ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಒಂದು ಕಂಪನಿ. ಅಪ್ರೈಸಲ್ ಬಂದಾಗ ಹೊಸ ಫೀಚರ್ ಬರೆದವರ ಹೆಸರು ಸ್ಲೈಡಿನಲ್ಲಿ ಮಿಂಚುತ್ತಿತ್ತು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಎದ್ದು ಕೂತು ಸರಿಮಾಡುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳ ಕೆಲಸಕ್ಕೆ ಆ ಫಾರ್ಮಿನಲ್ಲಿ ಕಾಲಂ ಇರಲಿಲ್ಲ. ಎರಡು ವರ್ಷ ಸಾಧಾರಣ ರೇಟಿಂಗ್ ತಗೊಂಡು, ಮೂರನೇ ವರ್ಷ ಬೇರೆ ಕಡೆ ಹೋದಳು. ಅವಳು ಹೋದ ಮೇಲೆ ರಾತ್ರಿಗಳು ಹೇಗಿದ್ದವು ಅನ್ನೋದು ಉಳಿದವರಿಗೆ ಗೊತ್ತು.

ಅಮ್ಮ ಒಮ್ಮೆ ಇಲ್ಲಿಗೆ ಬಂದಿದ್ದಾಗ ನಮ್ಮ ಜೊತೆ ಕೂತು ಒಂದು ಪಂದ್ಯ ನೋಡಿದ್ದರು. ಮೊದಲರ್ಧ “ಅದೇನೇ ಅದು, ಒಬ್ಬರ ಮೇಲೊಬ್ಬರು ಬೀಳೋದು?” ಅಂತ ಬೇಸರ. ಆಮೇಲೆ ಇದ್ದಕ್ಕಿದ್ದಂತೆ ಕೇಳಿದರು: “ಚೆಂಡು ಹಿಡಿದವನಿಗೆ ಇಷ್ಟೊಂದು ಚಪ್ಪಾಳೆ. ಅವನಿಗೆ ದಾರಿ ಬಿಡಿಸ್ಕೊಟ್ಟು ಕೆಳಗೆ ಬಿದ್ದನಲ್ಲ, ಅವನನ್ನ ಯಾರೂ ನೋಡಲ್ವೇನೇ?” ಮೂವತ್ತು ವರ್ಷ ಒಂದು ಮನೆ ನಡೆಸಿದವರಿಗೆ ಈ ಆಟ ಅರ್ಥವಾಗಲು ನಿಯಮಪುಸ್ತಕ ಬೇಕಾಗಲಿಲ್ಲ.

ಅಮ್ಮನ ಪ್ರಶ್ನೆಯನ್ನೇ ಅಳತೆಗೋಲು ಮಾಡಿಕೊಂಡರೆ ಪಟ್ಟಿ ಚಿಕ್ಕದಾಗುತ್ತದೆ. ಗೊನ್ಜಾಲೆಸ್, ಗೇಟ್ಸ್, ಕೆಲ್ಸಿ ದೊಡ್ಡವರೇ, ಅನುಮಾನವಿಲ್ಲ. ಆದರೆ ಎದುರಾಳಿ ಅವರನ್ನು ದೊಡ್ಡ ಮೈಯ ರಿಸೀವರ್ ಎಂದು ತಿಳಿದು ಅದಕ್ಕೆ ತಕ್ಕ ತಯಾರಿ ಮಾಡಿಕೊಳ್ಳಬಹುದಿತ್ತು. ಗ್ರಾಂಕ್ ವಿಷಯದಲ್ಲಿ ಆ ಅನುಕೂಲ ಸಿಗುತ್ತಿರಲಿಲ್ಲ. ಅವನು ಗೋಡೆಗೆ ಅಂಟಿ ನಿಂತು ದಾರಿ ಬಿಡಿಸುವಾಗಲೂ ಅಷ್ಟೇ ಅಪಾಯಕಾರಿ. 2019ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಪೇಟ್ರಿಯಟ್ಸ್ ಗೆದ್ದದ್ದು 13-3ಕ್ಕೆ. ಇಡೀ ಪಂದ್ಯಕ್ಕೆ ಒಂದೇ ಟಚ್‌ಡೌನ್, ಅದು ಬೇರೆಯವರ ಹೆಸರಲ್ಲಿದೆ. ಅದರ ಹಿಂದಿನ 29 ಗಜದ ಕ್ಯಾಚ್ ಗ್ರಾಂಕ್‌ದು. ಆ ಪಂದ್ಯದಲ್ಲಿ ತೊಡೆಗೆ ಬಿದ್ದ ಏಟಿನಿಂದ ವಾರಗಟ್ಟಲೆ ಸರಿಯಾಗಿ ನಿದ್ದೆ ಮಾಡಲಾಗಲಿಲ್ಲ ಅಂತ ಆಮೇಲೆ ಅವನೇ ಹೇಳಿಕೊಂಡ.

ಹಾಗಾಗಿ ಒಂದೇ ಹೆಸರು ಹೇಳು ಅಂದರೆ ನನ್ನ ಮತ ಗ್ರಾಂಕೌಸ್ಕಿಗೆ. ಇಡೀ ವೃತ್ತಿಜೀವನದ ಮೊತ್ತ ಗೊನ್ಜಾಲೆಸ್‌ದು ದೊಡ್ಡದು, ಕೊನೆಯ ನಿಮಿಷಕ್ಕೆ ಕೆಲ್ಸಿ ಬೇಕು. ಆದರೆ ಎರಡೂ ಕೆಲಸವನ್ನು ಆ ಮಟ್ಟದಲ್ಲಿ ಮಾಡಿದವನು ಅವನೊಬ್ಬನೇ. ಕಾನ್ಸಸ್ ಸಿಟಿಯಲ್ಲಿ ಕೂತು ಇದನ್ನು ಬರೆಯೋಕೆ ಧೈರ್ಯ ಬೇಕು. ಕನ್ನಡದಲ್ಲಿ ಬರೆಯುತ್ತಿರೋದರಿಂದ ಬಚಾವ್.

ಮತ್ತೆ 88

ಆದರೆ ನಮ್ಮ ಟೆಸ್ಟಿಂಗ್ ವಿಭಾಗದ ಆ ಹಿರಿಯ ಮಹಿಳೆ ಮ್ಯಾಕಿ ಹೆಸರು ಹೇಳಿದಾಗ ಎಲ್ಲರೂ ಯಾಕೆ ಸುಮ್ಮನಾಗುತ್ತಾರೆ ಅನ್ನೋದು ಬಾಕಿ ಇದೆ.

1970ರಲ್ಲಿ ಮ್ಯಾಕಿ ಆಟಗಾರರ ಸಂಘದ ಅಧ್ಯಕ್ಷರಾದರು. ಆ ಬೇಸಿಗೆಯಲ್ಲೇ ಪಿಂಚಣಿ ಮತ್ತಿತರ ಸೌಲಭ್ಯಕ್ಕಾಗಿ ಮುಷ್ಕರ ನಡೆಯಿತು. ಆಗ ‘ರೋಜೆಲ್ ನಿಯಮ’ ಅಂತ ಒಂದಿತ್ತು. ಆಟಗಾರ ಒಪ್ಪಂದ ಮುಗಿಸಿ ಬೇರೆ ತಂಡಕ್ಕೆ ಹೋದರೆ, ಹಳೇ ತಂಡಕ್ಕೆ ಏನು ಪರಿಹಾರ ಕೊಡಬೇಕು ಅಂತ ಲೀಗಿನ ಮುಖ್ಯಸ್ಥರೇ ತೀರ್ಮಾನಿಸುತ್ತಿದ್ದರು. ಎಷ್ಟು ತೆರಬೇಕಾಗುತ್ತದೋ ಎಂಬ ಹೆದರಿಕೆಗೇ ಯಾರೂ ಕರೆಯುತ್ತಿರಲಿಲ್ಲ. ಹೆಸರಿಗೆ ಸ್ವತಂತ್ರ, ಅಸಲಿಗೆ ಜೀತ. ಮ್ಯಾಕಿ ತಮ್ಮ ಹೆಸರಿನಲ್ಲೇ ಕೋರ್ಟಿಗೆ ಹೋದರು. 1976ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮ ಕಾನೂನುಬಾಹಿರ ಅಂತ ಹೇಳಿತು. ತೀರ್ಪು ಬರುವ ಹೊತ್ತಿಗೆ ಅವರು ಆಟ ಬಿಟ್ಟು ನಾಲ್ಕು ವರ್ಷವಾಗಿತ್ತು. ಆಟಗಾರರು ಬೇಕಾದ ತಂಡಕ್ಕೆ ಹೋಗುವ ಪೂರ್ಣ ಪ್ರಮಾಣದ ವ್ಯವಸ್ಥೆ ಬಂದದ್ದು 1993ರಲ್ಲಿ. ಹಾಲ್ ಆಫ್ ಫೇಮ್ ಕೂಡ ಮ್ಯಾಕಿ ಅವರನ್ನು ಕಾಯಿಸಿತು. ನಿವೃತ್ತಿಯಾಗಿ 20 ವರ್ಷದ ನಂತರ, 1992ರಲ್ಲಿ ಕರೆಯಿತು. ಸಂಘ ಕಟ್ಟಿದ ಸಿಟ್ಟು ಅದಕ್ಕೆ ಕಾರಣ ಅಂತ ಹಲವರು ನಂಬುತ್ತಾರೆ.

ಮುಂದೆ ಅವರಿಗೆ ಮಿದುಳಿನ ಮುಂಭಾಗವನ್ನು ಕುಗ್ಗಿಸುವ ಮರೆವಿನ ಕಾಯಿಲೆ ಬಂತು. ಆರೈಕೆಯ ಖರ್ಚು ಪಿಂಚಣಿಗೆ ನಿಲುಕುತ್ತಿರಲಿಲ್ಲ. ಹೆಂಡತಿ ಸಿಲ್ವಿಯಾ ಐವತ್ತು ದಾಟಿದ ವಯಸ್ಸಿನಲ್ಲಿ ವಿಮಾನದಲ್ಲಿ ಗಗನಸಖಿಯಾಗಿ ದುಡಿಯುತ್ತಾ ಗಂಡನನ್ನು ನೋಡಿಕೊಂಡರು. ಲೀಗಿನ ಮುಖ್ಯಸ್ಥರಿಗೆ ಪತ್ರ ಬರೆದು, ಈ ಕಾಯಿಲೆ ಒಂದು ಮನೆಯನ್ನು ಏನು ಮಾಡುತ್ತದೆ ಅಂತ ವಿವರಿಸಿದರು. ಅದರ ಫಲವಾಗಿ 2007ರಲ್ಲಿ ‘88 ಪ್ಲ್ಯಾನ್’ ಬಂತು. ಮರೆವಿನ ಕಾಯಿಲೆಗೆ ತುತ್ತಾದ ಮಾಜಿ ಆಟಗಾರರ ಆರೈಕೆಗೆ ಶುರುವಿನಲ್ಲಿ ವರ್ಷಕ್ಕೆ 88,000 ಡಾಲರ್‌ವರೆಗೆ ನೆರವು. 88 ಮ್ಯಾಕಿ ಅವರ ಜರ್ಸಿ ನಂಬರ್. 2011ರ ಜುಲೈನಲ್ಲಿ ಅವರು ತೀರಿಕೊಂಡರು.

ಇಂದು ಟೈಟ್ ಎಂಡ್ ಒಬ್ಬ ವರ್ಷಕ್ಕೆ ಕೋಟಿಗಟ್ಟಲೆ ಡಾಲರ್‌ಗೆ ಸಹಿ ಹಾಕುತ್ತಾನೆ, ಬೇಡವಾದ ತಂಡ ಬಿಟ್ಟು ಬೇಕಾದ ತಂಡಕ್ಕೆ ಹೋಗುತ್ತಾನೆ. ಆ ದಾರಿಯನ್ನು ಬಿಡಿಸಿಕೊಟ್ಟು ಕೆಳಗೆ ಬಿದ್ದವರು ಮ್ಯಾಕಿ. ಆಟದ ಲೆಕ್ಕದಲ್ಲಿ ನನ್ನ ಉತ್ತರ ಗ್ರಾಂಕ್. ಋಣದ ಲೆಕ್ಕ ತೆಗೆದರೆ, ಗ್ರಾಂಕ್ ಸೇರಿದಂತೆ ಎಲ್ಲರ ಖಾತೆಯಲ್ಲೂ ಮೊದಲು ಬರೆಯಬೇಕಾದ ಹೆಸರು ಬೇರೆ.

ನೋಡುವುದಾದರೆ ಹೀಗೆ ನೋಡಿ

ಸೆಪ್ಟೆಂಬರ್‌ನಲ್ಲಿ ಹೊಸ ಋತು ಶುರುವಾಗುತ್ತದೆ. ಇಲ್ಲಿನ ಭಾನುವಾರ ಮಧ್ಯಾಹ್ನದ ಪಂದ್ಯ ಅಲ್ಲಿ ನಿಮಗೆ ರಾತ್ರಿ ಹತ್ತೂವರೆಗೆ, ಚಳಿಗಾಲದಲ್ಲಿ ಹನ್ನೊಂದೂವರೆಗೆ. ಫೆಬ್ರುವರಿಯ ಸೂಪರ್ ಬೌಲ್ ಸೋಮವಾರ ಬೆಳಗಿನ ಜಾವ ಐದು ಗಂಟೆಗೆ, ಕಾಫಿ ಜೊತೆ ನೋಡಬಹುದು. ನೋಡುವಾಗ ಎರಡು ಮೂರು ಸಲ ಚೆಂಡಿನ ಮೇಲಿನ ಕಣ್ಣು ತೆಗೆದು, ಗೋಡೆಯ ತುದಿಯಲ್ಲಿ ಬಗ್ಗಿ ನಿಂತವನನ್ನು ಮಾತ್ರ ನೋಡಿ. ಸ್ಯಾನ್ ಫ್ರಾನ್ಸಿಸ್ಕೊ ತಂಡದ ಜಾರ್ಜ್ ಕಿಟಲ್ ಆಡುತ್ತಿದ್ದರಂತೂ ಖಂಡಿತ ನೋಡಿ. ಈಗಿನವರಲ್ಲಿ ತಳ್ಳುವ ಕೆಲಸವನ್ನು ಅಷ್ಟು ಖುಷಿಯಿಂದ ಮಾಡುವವನು ಇನ್ನೊಬ್ಬನಿಲ್ಲ. ಅವನು ಒಬ್ಬನನ್ನು ಹತ್ತು ಗಜ ಹಿಂದಕ್ಕೆ ತಳ್ಳಿ, ಅವನ ಮೇಲೇ ಬಿದ್ದು, ನಗುತ್ತಾ ಎದ್ದು ಬರುತ್ತಾನೆ. ಕ್ಯಾಮೆರಾ ಅಷ್ಟರಲ್ಲಿ ಚೆಂಡು ಹಿಡಿದವನ ಹಿಂದೆ ಹೋಗಿರುತ್ತದೆ.

ನೋಡಿದ ಮೇಲೆ ನಿಮ್ಮ ಮತ ಯಾರಿಗೆ ಅಂತ ತಿಳಿಸಿ. ನಮ್ಮ ಕಾಫಿ ಮಷಿನ್ ಮುಂದೆ ಐದನೇ ಪಕ್ಷಕ್ಕೆ ಇನ್ನೂ ಜಾಗವಿದೆ.